ಕರ್ತೃವಿಲ್ಲದ ಗದ್ಯ

ಪದ್ಯಕ್ಕೆ ವಿಮರ್ಶೆ ಬರೆಯುವುದು ನಮ್ಮಲ್ಲಿ ರೂಢಿ. ಕಾದಂಬರಿಗೂ ನಾಟಕಕ್ಕೂ ಬರೆಯುತ್ತೇವೆ. ಕಾಲೇಜಿನ ನೋಟೀಸು ಬೋರ್ಡಿನ ಮೇಲೆ ಅಂಟಿಸಿದ ಒಂದು ಹಾಳೆಗೆ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಈ ವಾರ ಆ ಕೆಲಸಕ್ಕೆ ಕೈಹಾಕಿದ್ದೇನೆ. ಓದುಗರಿಗೆ ಇದು ಉದ್ಧಟತನವೆಂದು ತೋರಬಹುದು. ಆದರೆ ನಮ್ಮ ಕಾಲೇಜಿನ ಮಕ್ಕಳು ವರ್ಷವಿಡೀ ನಿಂತು ಓದುವ ಕನ್ನಡ ಗದ್ಯ ಮುದ್ದಣನದೂ ಅಲ್ಲ, ಕಾರಂತರದೂ ಅಲ್ಲ, ನೋಟೀಸು ಬೋರ್ಡಿನದು. ಅಷ್ಟು ಓದುಗರನ್ನು ಪಡೆದ ಕೃತಿಯೊಂದನ್ನು ವಿಮರ್ಶಕನಾದವನು ಕಡೆಗಣಿಸುವುದು ನ್ಯಾಯವಲ್ಲ.

ಕೃತಿಯ ಹೆಸರು ‘ವಿದ್ಯಾರ್ಥಿಗಳ ಸುರಕ್ಷತೆ: ತಿಳಿವಳಿಕೆಯ ಸೂಚನೆಗಳು’. ಒಂದು ಪುಟ, 11 ವಾಕ್ಯ. ಬರೆದವರ ಹೆಸರಿಲ್ಲ, ಕೆಳಗೆ ಒಂದು ರಬ್ಬರ್ ಮೊಹರು, ಅದರ ಮೇಲೆ ಓದಲಾಗದ ಒಂದು ಸಹಿ. ಈ ವರ್ಷ ತರಗತಿಗಳು ಆರಂಭವಾದ ವಾರದಲ್ಲಿ ಇದನ್ನು ಅಂಟಿಸಿದರು. ಅದೇ ವಾರ ಒಂದು ಮಧ್ಯಾಹ್ನ ಸಭಾಂಗಣದಲ್ಲಿ ಮಕ್ಕಳನ್ನೆಲ್ಲ ಕೂರಿಸಿ ಇದನ್ನು ಗಟ್ಟಿಯಾಗಿ ಓದಿದ್ದೂ ಉಂಟು. ಓದಿದವನು ನಾನೇ. ಕನ್ನಡ ಉಪನ್ಯಾಸಕರ ಉಚ್ಚಾರಣೆ ಸ್ವಚ್ಛವಾಗಿರುತ್ತದೆಂಬ ನಂಬಿಕೆಯಿಂದ ಇಂಥ ಕೆಲಸಗಳೆಲ್ಲ ನಮ್ಮ ಪಾಲಿಗೆ ಬರುತ್ತವೆ. ಹೀಗೆ ಓದುತ್ತಿದ್ದಾಗಲೇ, ಕೊನೆಯ ವಾಕ್ಯಕ್ಕೆ ಬರುವ ಹೊತ್ತಿಗೆ, ನನ್ನ ನಾಲಗೆ ತಡವರಿಸಿತು. ಏತಕ್ಕೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕೆಲವು ವಾಕ್ಯಗಳನ್ನು ಓದುಗರೂ ನೋಡಲಿ. “ವಿದ್ಯಾರ್ಥಿನಿಯರು ಸಂಜೆ 6ರ ನಂತರ ಒಂಟಿಯಾಗಿ ಓಡಾಡಬಾರದು.” “ಅಪರಿಚಿತರೊಡನೆ ಮಾತಿಗೆ ನಿಲ್ಲಬಾರದು.” “ಬೆಲೆಬಾಳುವ ವಸ್ತುಗಳನ್ನು ಕಾಪಾಡಿಕೊಳ್ಳತಕ್ಕದ್ದು.” “ಸಭ್ಯವಾದ ಉಡುಪನ್ನು ಧರಿಸತಕ್ಕದ್ದು.” “ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ತಿಳಿಸಬಾರದು.” “ಕಾಲೇಜಿನ ಗೌರವಕ್ಕೆ ಕುಂದು ಬಾರದಂತೆ ನಡೆದುಕೊಳ್ಳತಕ್ಕದ್ದು.” ಕಟ್ಟಕಡೆಗೆ, “ಅಹಿತಕರ ಘಟನೆಗಳು ಸಂಭವಿಸಿದಲ್ಲಿ ಸಂಬಂಧಪಟ್ಟವರ ಗಮನಕ್ಕೆ ತರತಕ್ಕದ್ದು.”

ಓಟಿಪಿಯ ವಾಕ್ಯಕ್ಕೆ ನನ್ನ ತಕರಾರಿಲ್ಲ. ಅದು ಉಪಯುಕ್ತವಾದ ಮಾತು, ಸ್ಪಷ್ಟವಾಗಿಯೂ ಇದೆ. ಮಿಕ್ಕವುಗಳಲ್ಲಿ ಒಂದು ವಿಶೇಷವುಂಟು. ಕ್ರಿಯೆಯನ್ನು ನಡೆಸುವವನು ಕರ್ತೃ ಎಂದು ಹೈಸ್ಕೂಲಿನ ವ್ಯಾಕರಣದಲ್ಲೇ ಕಲಿಯುತ್ತೇವೆ. ಈ 11 ವಾಕ್ಯಗಳಲ್ಲಿ ಮಾಡಬೇಕಾದ್ದನ್ನು ಮಾಡುವ, ಮಾಡಬಾರದ್ದನ್ನು ಬಿಡುವ ಕರ್ತೃ ಒಬ್ಬನೇ: ವಿದ್ಯಾರ್ಥಿ. ಬಹುಪಾಲು ವಿದ್ಯಾರ್ಥಿನಿ. ಕದಿಯುವವನು ಇಲ್ಲಿಲ್ಲ. ಹಿಂಬಾಲಿಸುವವನು ಇಲ್ಲಿಲ್ಲ. ಹೊಸಬರನ್ನು ಹಾಸ್ಟೆಲಿನಲ್ಲಿ ರಾತ್ರಿ ಎಬ್ಬಿಸಿ ನಿಲ್ಲಿಸುವ ಹಿರಿಯ ವಿದ್ಯಾರ್ಥಿ ಇಲ್ಲಿಲ್ಲ. ದೂರನ್ನು ಕೇಳಿಸಿಕೊಂಡು ಏನಾದರೂ ಮಾಡಬೇಕಾದ ಅಧಿಕಾರಿಯೂ ಇಲ್ಲಿಲ್ಲ. ಅವರಿದ್ದ ಜಾಗದಲ್ಲಿ ‘ಸಂಬಂಧಪಟ್ಟವರು’ ಎಂಬ ಮಂಜು ಕವಿದಿದೆ. ಅಪರಾಧವೆಂಬುದು ಇಲ್ಲಿ ಯಾರೋ ಮಾಡುವ ಕೆಲಸವಲ್ಲ. ಆಲಿಕಲ್ಲು ಮಳೆಯಂತೆ ಅದು ‘ಸಂಭವಿಸುತ್ತದೆ’. ಮಳೆ ಬಂದರೆ ಕೊಡೆ ತಾರದವರದೇ ತಪ್ಪು ತಾನೆ?

ನಮ್ಮ ಶಾಲಾ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗಕ್ಕೆ ರಾವಣವಧೆಯ ಉದಾಹರಣೆಯನ್ನು ಕೊಡುತ್ತಿದ್ದರು. ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ವಾಕ್ಯ ಎಷ್ಟು ಅಸಹಜವಾದರೂ ‘ರಾಮನಿಂದ’ ಎಂಬ ಪದವಾದರೂ ಅದರಲ್ಲಿತ್ತು. ನಮ್ಮ ನೋಟೀಸು ಅಷ್ಟರ ಸೌಜನ್ಯವನ್ನೂ ತೋರಿಸಿಲ್ಲ.

ಮೊದಲನೆಯ ವಾಕ್ಯವನ್ನೇ ಸ್ವಲ್ಪ ಪರೀಕ್ಷಿಸೋಣ. ನಾನು ನೆಲಮಂಗಲ ತಾಲ್ಲೂಕಿನ ಸೋಂಪುರದವನು. ಬೆಂಗಳೂರಿನಿಂದ ತುಮಕೂರಿಗೆ ಹೋಗುವವರು ದಾಬಸ್‌ಪೇಟೆಯ ಮೇಲ್ಸೇತುವೆಯ ಹತ್ತಿರ ಎಡಗಡೆಗೆ ಕತ್ತು ಹೊರಳಿಸಿದರೆ ಶಿವಗಂಗೆಯ ಬೆಟ್ಟ ಕಾಣುತ್ತದೆ. ಆ ಸುತ್ತಿನದೇ ನಮ್ಮ ಹೋಬಳಿ. ನಾನು ಚಿಕ್ಕವನಾಗಿದ್ದಾಗ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕೈಗಾರಿಕಾ ಪ್ರದೇಶ ಎದ್ದಿದೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಗೇಟುಗಳಿಂದ ಜನ ಹೊಳೆಯಂತೆ ಹೊರಬರುತ್ತಾರೆ. ಲಾರಿಗಳು ರಸ್ತೆಯ ಪಕ್ಕದಲ್ಲಿ ಸಾಲುಗಟ್ಟುತ್ತವೆ. ಇಲ್ಲಿಯ ಮಕ್ಕಳು ಓದಲು ನೆಲಮಂಗಲಕ್ಕೂ ತುಮಕೂರಿಗೂ ಬೆಂಗಳೂರಿಗೂ ಹೋಗುತ್ತಾರೆ. 2023ರ ಜೂನಿನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ‘ಬಸ್ ಚಾರ್ಜಿಗೆ ದುಡ್ಡಿಲ್ಲ’ ಎಂದು ಮನೆಯಲ್ಲಿ ಉಳಿಯಬೇಕಾಗಿದ್ದ ಹೆಣ್ಣುಮಕ್ಕಳಿಗೂ ದಾರಿ ತೆರೆಯಿತು. ಇದು ಸಣ್ಣ ಮಾತಲ್ಲ. ಆದರೆ ಕೊನೆಯ ತರಗತಿ ಮುಗಿಯುವುದು ನಾಲ್ಕೂವರೆಗೆ. ಕಂಪ್ಯೂಟರ್ ಲ್ಯಾಬ್ ಇದ್ದ ದಿನ ಐದೂವರೆಗೆ. ಬಸ್ಸು ತುಂಬಿದ್ದರೆ ಇನ್ನೊಂದಕ್ಕೆ ಕಾಯಬೇಕು. ಇಳಿದ ಮೇಲೆ ಊರಿಗೆ ಒಂದೂವರೆ ಮೈಲಿ ನಡಿಗೆ. ಪುಷ್ಯಮಾಸದಲ್ಲಿ ಆರೂಕಾಲಿಗೆಲ್ಲ ಕತ್ತಲು. ಸಂಜೆ 6ರ ನಂತರ ಓಡಾಡಬಾರದೆಂದು ಬರೆದವರೇ ವೇಳಾಪಟ್ಟಿಯನ್ನೂ ಬರೆದವರು. ಎರಡು ಹಾಳೆಗಳೂ ಅದೇ ಬೋರ್ಡಿನ ಮೇಲೆ, ಒಂದರ ಪಕ್ಕದಲ್ಲಿ ಒಂದು, ಅಂಟಿಕೊಂಡಿವೆ. ಒಂದು ಹಾಳೆ ಆಜ್ಞಾಪಿಸಿದ್ದನ್ನು ಇನ್ನೊಂದು ಅಸಾಧ್ಯಗೊಳಿಸಿದೆ.

ರಸ್ತೆಯ ಮಾತೂ ಹೀಗೆಯೇ. 2022ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡಳು. ಕೆಲವು ದಿನಗಳ ಮೇಲೆ ತೀರಿಕೊಂಡಳು. ಆಗ ವಿದ್ಯಾರ್ಥಿಗಳು ರಸ್ತೆಯಲ್ಲಿ ಕುಳಿತರು. ಅವರ ಬೇಡಿಕೆ, ಆವರಣದೊಳಗೆ ಹಾದುಹೋಗುವ ಹೊರಗಿನ ವಾಹನಗಳನ್ನು ತಡೆಯಬೇಕೆಂಬುದು. ಅಂದರೆ, ಇದನ್ನು ಮಾಡಬೇಕಾದವರು ಯಾರು ಎಂದು ಅವರು ಕೇಳಿದರು. ಆ ಪ್ರಶ್ನೆಯಲ್ಲಿ ಕರ್ತೃ ಇದ್ದಾನೆ. ನೋಟೀಸು ಬರೆಯುವ ಕೈಗೆ ಆ ಹೊತ್ತಿನಲ್ಲಿ ತೋಚುವುದು ಸಾಮಾನ್ಯವಾಗಿ “ರಸ್ತೆ ದಾಟುವಾಗ ಎಚ್ಚರಿಕೆ ವಹಿಸತಕ್ಕದ್ದು” ಎಂಬುದಷ್ಟೆ.

ಇಲ್ಲಿಯವರೆಗೆ ಬೇರೆಯವರ ಗದ್ಯದಲ್ಲಿ ತಪ್ಪು ಹುಡುಕಿದೆ. ಇನ್ನು ನನ್ನದನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ಬಿ.ಕಾಂ. ತರಗತಿಗೆ ‘ನನ್ನ ಒಂದು ದಿನ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಒಬ್ಬ ಹುಡುಗಿ ಒಂದೂವರೆ ಪುಟ ಬರೆದಿದ್ದಳು. ಅವಳ ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ, ವಾಕ್ಯಗಳನ್ನು ಬದಲಾಯಿಸಿಲ್ಲ. “ಬಸ್ಸು ಇಳಿದ ಮೇಲೆ ಹಿಂಬಾಲಿಸಲಾಗುತ್ತದೆ. ಫೋನಿಗೆ ಸಂದೇಶ ಕಳಿಸಲಾಗುತ್ತದೆ. ಉತ್ತರ ಬರೆಯದಿದ್ದರೆ ಬೈಯಲಾಗುತ್ತದೆ.” ನಾನು ಈ ಮೂರು ವಾಕ್ಯಗಳ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ “ಕರ್ತೃಪದ ಎಲ್ಲಿ? ಕರ್ಮಣಿ ಪ್ರಯೋಗ ಕನ್ನಡಕ್ಕೆ ಸಹಜವಲ್ಲ” ಎಂದು ಬರೆದು, 10ಕ್ಕೆ 6 ಅಂಕ ಕೊಟ್ಟೆ. ಅವಳು ನೋಟ್‌ಪುಸ್ತಕವನ್ನು ತೆಗೆದುಕೊಂಡು ಆ ಕೆಂಪು ಬರಹವನ್ನು ಸ್ವಲ್ಪ ಹೊತ್ತು ನೋಡಿದಳು, ಮಾತಾಡಲಿಲ್ಲ. ದಸರಾ ರಜ ಮುಗಿದ ಮೇಲೆ ಕಾಲೇಜಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಗೈರು’ ಎಂದು ನಾನು ಎಷ್ಟೋ ದಿನ ಬರೆದೆ.

ಡಿಸೆಂಬರಿನಲ್ಲಿ ಅವಳ ಗೆಳತಿಯಿಂದ ವಿಷಯ ತಿಳಿಯಿತು. ಹಿಂಬಾಲಿಸುತ್ತಿದ್ದವನು ಹೊರಗಿನವನೂ ಅಲ್ಲ, ಅಪರಿಚಿತನೂ ಅಲ್ಲ. ಅದೇ ತರಗತಿಯಲ್ಲಿ ಎರಡು ಬೆಂಚು ಹಿಂದೆ ಕೂರುತ್ತಿದ್ದ ಹುಡುಗ. ಅವನ ಪ್ರಬಂಧದಲ್ಲಿ ವ್ಯಾಕರಣ ದೋಷವಿರಲಿಲ್ಲ. ನಾನು ಅವನಿಗೆ 8 ಅಂಕ ಕೊಟ್ಟಿದ್ದೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ತಾಯಿ ಜಗಲಿಯ ಮೇಲೆ ಚಾಪೆ ಹಾಸಿ, “ಬನ್ನಿ ಮೇಷ್ಟ್ರೇ, ಕೂತ್ಕಳಿ” ಎಂದರು. ಕಾಫಿ ಕೊಟ್ಟರು. ಹುಡುಗಿ ಒಳಗಿನಿಂದ ಬರಲಿಲ್ಲ. ದೂರು ಕೊಡಬಹುದು, ನಾನು ಜೊತೆಗೆ ಬರುತ್ತೇನೆ ಎಂದು ಹೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಅವನ ಹೆಸರು ಹೇಳಕ್ಕೋದ್ರೆ ನಮ್ಮ ಹುಡುಗಿ ಹೆಸರು ಕೆಡ್ತದಲ್ಲ ಮೇಷ್ಟ್ರೇ. ನೀವೇ ಹೇಳಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಟಿ.ಸಿ. ಪಡೆದು ಬೇರೆ ಊರಿನ ಕಾಲೇಜಿಗೆ ಸೇರಿದಳೆಂದು ಆಮೇಲೆ ಕೇಳಿದೆ. ಹುಡುಗ ನಮ್ಮಲ್ಲಿಯೇ ಡಿಗ್ರಿ ಮುಗಿಸಿದ.

ಆ ತಾಯಿಯ ಮಾತಿನಲ್ಲಿ ‘ಹೆಸರು’ ಎಂಬ ಪದ ಎರಡು ಅರ್ಥದಲ್ಲಿ ಬಂದಿದೆ. ಕನ್ನಡದಲ್ಲಿ ಹೆಸರೆಂದರೆ ನಾಮವೂ ಹೌದು, ಮಾನವೂ ಹೌದು. ಮಾಡಿದವನ ನಾಮವನ್ನು ಹೇಳಿದರೆ ಅನುಭವಿಸಿದವಳ ಮಾನ ಹೋಗುತ್ತದೆ ಎಂಬ ಲೆಕ್ಕಾಚಾರ ನಮ್ಮ ಸಮಾಜದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಆ ಹುಡುಗಿ ಕರ್ತೃಪದವನ್ನು ಬಿಟ್ಟದ್ದು ವ್ಯಾಕರಣ ಬಾರದ್ದರಿಂದಲ್ಲ. ಆ ಲೆಕ್ಕ ಚೆನ್ನಾಗಿ ಬಂದದ್ದರಿಂದ. ಅಷ್ಟನ್ನಾದರೂ ಬರೆದು ನನ್ನ ಕೈಗೆ ಕೊಟ್ಟಿದ್ದಳು. ಓದಬೇಕಾದವನು ತಿದ್ದಿದೆ.

ಈ ಅಭ್ಯಾಸ ನೋಟೀಸು ಬೋರ್ಡಿನಲ್ಲಿ ಹುಟ್ಟಿದ್ದಲ್ಲ. ಕಾಲೇಜಿನ ಬದುಕನ್ನು ನಮ್ಮ ಕಲೆ ಹೇಗೆ ಕಂಡಿದೆ ಎಂಬುದನ್ನೂ ನೋಡಬೇಕು. ಬಿ.ಜಿ.ಎಲ್. ಸ್ವಾಮಿಯವರು ‘ಕಾಲೇಜು ರಂಗ’ದಲ್ಲಿ ಆಡಳಿತ ಮಂಡಲಿಗಳ ಒಣ ಪ್ರತಿಷ್ಠೆಯನ್ನು ನಗೆಯಾಡಿದರು, 1976ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಆದರೆ ಕನ್ನಡಿಗರ ಮನಸ್ಸಿನಲ್ಲಿ ಕಾಲೇಜಿನ ಹುಡುಗನೆಂದರೆ ಮೊದಲು ಮೂಡುವುದು ಅದಕ್ಕಿಂತ ನಾಲ್ಕು ವರ್ಷ ಹಿಂದಿನ, 1972ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣನವರು ಚಿತ್ರದುರ್ಗದ ಬಂಡೆಗಳ ನಡುವೆ ಕಟ್ಟಿದ ಆ ಚಿತ್ರವನ್ನು ನಾನು ಹತ್ತಾರು ಸಲ ನೋಡಿದ್ದೇನೆ. ಚಾಮಯ್ಯ ಮೇಷ್ಟ್ರನ್ನು ನೋಡಿ ಮೇಷ್ಟ್ರಾಗಬೇಕೆಂದು ಬಯಸಿದವರಲ್ಲಿ ನಾನೂ ಒಬ್ಬ.

ಈಗ ಅದನ್ನೇ ಸುರಕ್ಷತೆಯ ಕಣ್ಣಿನಿಂದ ನೋಡಿದರೆ ಬೇರೆ ಕಥೆ ಕಾಣುತ್ತದೆ. ಅಲಮೇಲುವನ್ನು ಜಲೀಲನೆಂಬವನು ದಾರಿಯಲ್ಲಿ ಕಾಡುತ್ತಾನೆ. ಅವಳ ಅಣ್ಣ ವರದ ಅಂಜುಬುರುಕ. ಎದುರಿಸಲಾರದೆ ರಾಮಾಚಾರಿಯ ಬಳಿಗೆ ಹೋಗುತ್ತಾನೆ. ಜಲೀಲನನ್ನು ಹೊಡೆದರೆ ತಂಗಿಯನ್ನು ಮದುವೆ ಮಾಡಿಕೊಡಬೇಕು ಎಂಬ ಒಪ್ಪಂದವಾಗುತ್ತದೆ. ಹುಡುಗಿಯ ನೆಮ್ಮದಿ ಎರಡು ಗಂಡಸರ ನಡುವಣ ಕರಾರಾಗುತ್ತದೆ. ಕರಾರಾಗುವ ಹೊತ್ತಿನಲ್ಲಿ ಅವಳನ್ನು ಕೇಳಿದವರಿಲ್ಲ. ಪ್ರಾಂಶುಪಾಲರ ಹತ್ತಿರ ಹೋಗಿ ಹೇಳೋಣವೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಬರುವುದಾದರೂ ಹೇಗೆ? ಚಿತ್ರದ ಆರಂಭದಲ್ಲಿಯೇ ನಾವು ಕಂಡದ್ದು ನಕಲು ಮಾಡಿದ ಹುಡುಗನನ್ನು ಎಲ್ಲರೆದುರು ಅವಮಾನಿಸಿದ ಪ್ರಾಂಶುಪಾಲರನ್ನು, ರಾತ್ರಿ ಹೋಗಿ ಅವರನ್ನು ಕಂಬಕ್ಕೆ ಕಟ್ಟಿದ ಹುಡುಗನನ್ನು. ಆ ಕಾಲೇಜಿಗೆ ಶಿಕ್ಷಿಸುವುದು ಗೊತ್ತು, ಕೇಳಿಸಿಕೊಳ್ಳುವುದು ಗೊತ್ತಿಲ್ಲ.

ಪುಟ್ಟಣ್ಣನವರು ಇದನ್ನು ಮೆಚ್ಚಿ ತೋರಿಸಿದರೆಂದು ಹೇಳಿದರೆ ಅನ್ಯಾಯವಾದೀತು. ವರದ ಮಾತಿಗೆ ತಪ್ಪುತ್ತಾನೆ. ಅಲಮೇಲುವಿನ ಮದುವೆ ಬೇರೆಡೆ ನಡೆಯುತ್ತದೆ. ಗಂಡನೇ ಅವಳನ್ನು ಸೂಳೆಗಾರಿಕೆಗೆ ನೂಕುತ್ತಾನೆ. ಗಂಡಸರ ಕರಾರಿನ ಮೇಲೆ ನಿಂತ ರಕ್ಷಣೆ ಯಾರನ್ನೂ ರಕ್ಷಿಸಲಿಲ್ಲವೆಂಬುದನ್ನು ಚಿತ್ರ ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಆದರೆ ನಾವು, ಪ್ರೇಕ್ಷಕರು, ಮನೆಗೆ ಒಯ್ದದ್ದು ಏನನ್ನು? ಅಂಬರೀಷರ ಪ್ರತಿಭೆ ಜಲೀಲನಿಗೆ ಎಂಥ ಕಳೆ ತಂದಿತೆಂದರೆ, ಅವನು ಅಲಮೇಲುವನ್ನು ಕೂಗುವ ‘ಬುಲ್‌ಬುಲ್’ ಎಂಬ ಮಾತು ನಾಡಿನ ಮುದ್ದಿನ ಮಾತಾಯಿತು. 2013ರಲ್ಲಿ ಅದೇ ಹೆಸರಿನ ಚಲನಚಿತ್ರವೂ ಬಂತು. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆ ಮಾತನ್ನು ಅನುಕರಿಸುವ ಹುಡುಗನೊಬ್ಬ ಪ್ರತಿವರ್ಷ ಇದ್ದೇ ಇರುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತು ನಾನೂ ಚಪ್ಪಾಳೆ ತಟ್ಟಿದ್ದೇನೆ. ಅಲಮೇಲು ಆ ಕ್ಷಣದಲ್ಲಿ ಏನು ಮಾಡುತ್ತಿದ್ದಳೆಂದು ಕೇಳಿದರೆ ಸಭೆಯಲ್ಲಿ ಎಷ್ಟು ಜನಕ್ಕೆ ನೆನಪಿದ್ದೀತು? ನೋಟೀಸಿನಲ್ಲಿ ಕರ್ತೃ ಕಾಣೆಯಾಗಿದ್ದಾನೆ. ನಮ್ಮ ನೆನಪಿನಲ್ಲಿ ಅವನು ನಾಯಕನಷ್ಟೇ ಪ್ರಿಯನಾಗಿ ಕುಳಿತಿದ್ದಾನೆ. ಎರಡರಲ್ಲೂ ಅವನು ಜವಾಬು ಹೇಳಬೇಕಾದ ಪ್ರಸಂಗ ಬರುವುದಿಲ್ಲ.

ಆ ಚಿತ್ರ ಇನ್ನೂ ಊರೂರಿನಲ್ಲಿ ಓಡುತ್ತಿದ್ದ 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆ ಎಂಬ ಅರ್ಥದ ಮಾತನ್ನಾಡಿದರು. ಮುಂದೆ ನಡೆದದ್ದನ್ನು ಸಾಹಿತ್ಯ ಚರಿತ್ರೆಯ ಪಾಠದಲ್ಲಿ ನಾವು ‘ಬೂಸಾ ಚಳವಳಿ’ ಎಂಬ ಎರಡು ಪದಗಳಲ್ಲಿ ಮುಗಿಸುತ್ತೇವೆ. ನಡೆದದ್ದು ಇಷ್ಟು: ಕನ್ನಡದ ಮಾನ ಕಾಪಾಡುತ್ತೇವೆಂದು ಹೊರಟ ಕಾಲೇಜು ವಿದ್ಯಾರ್ಥಿಗಳು ದಲಿತ ವಿದ್ಯಾರ್ಥಿಗಳ ಮೇಲೆ ಬಿದ್ದರು. ಹಾಸ್ಟೆಲುಗಳ ಮೇಲೆ ದಾಳಿಯಾಯಿತು. ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಆ ನೋವಿನಿಂದ ಹೊಸ ಎಚ್ಚರ ಮೂಡಿ, ದಲಿತ ಸಂಘರ್ಷ ಸಮಿತಿಯೂ ಹೊಸ ಕಾವ್ಯವೂ ಹುಟ್ಟಿದ್ದನ್ನು ನಾವು ಹೆಮ್ಮೆಯಿಂದ ಕಲಿಸುತ್ತೇವೆ. ಹೊಡೆದವರು ಯಾರೆಂಬುದನ್ನು ಕಲಿಸುವುದಿಲ್ಲ. ಪಾಠದ ವಾಕ್ಯವೂ ಕರ್ತೃವಿಲ್ಲದ್ದೇ: “ಗಲಭೆಗಳು ಸಂಭವಿಸಿದವು.”

ನಮ್ಮ ನೆರೆಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಯುವಕ. ಅವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರಿಗೆ ದಲಿತ ವಿದ್ಯಾರ್ಥಿಯ ಹಾಸ್ಟೆಲು ಎಂಥದೆಂಬುದು ಗೊತ್ತು. ಹಸಿವು, ಗೆಳೆತನ, ಭಾಷಣ, ಏಟು ಎಲ್ಲವನ್ನೂ ಅವರು ಒಂದೇ ಬಗೆಯ ತಣ್ಣನೆಯ ನಗೆಯಲ್ಲಿ ಹೇಳುತ್ತಾರೆ. ಆ ನಗೆಯನ್ನು ನಮ್ಮ ವಿಮರ್ಶೆ ಬೇಕಾದಷ್ಟು ಹೊಗಳಿದೆ. ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಇನ್ನೊಂದು ಗುಣ: ಅವರ ವಾಕ್ಯಗಳಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದು ಮರೆಯಾಗುವುದಿಲ್ಲ. ದೊಡ್ಡವರನ್ನು ಅವರು ಬೈಯುವುದಿಲ್ಲ. ಆದರೆ ಮಂಜಿನಲ್ಲಿ ಬಚ್ಚಿಡುವುದೂ ಇಲ್ಲ.

1973ರ ಆ ವಿದ್ಯಾರ್ಥಿಗಳ ಕೈಗೆ ನಮ್ಮ ಕಾಲೇಜಿನ ನೋಟೀಸನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? ಸಂಜೆ 6ರ ನಂತರ ಹೊರಗೆ ಹೋಗಬೇಡಿರಿ: ಅವರು ಒಳಗೇ ಇದ್ದರು, ಹೊಡೆಯುವವರು ಒಳಗೆ ಬಂದರು. ಅಪರಿಚಿತರೊಡನೆ ಮಾತಾಡಬೇಡಿರಿ: ಬಂದವರಲ್ಲಿ ಸಹಪಾಠಿಗಳಿದ್ದರು. ಕಾಲೇಜಿನ ಗೌರವಕ್ಕೆ ಕುಂದು ತರಬೇಡಿರಿ: ಗೌರವದ ಹೆಸರಿನಲ್ಲಿಯೇ ಏಟು ಬಿದ್ದದ್ದು. ಕನ್ನಡ ಕಲಿಸಿ ಸಂಬಳ ತಿನ್ನುವ ನನ್ನಂಥವನಿಗೆ ಈ ಪ್ರಸಂಗವನ್ನು ಬದಿಗಿಟ್ಟು ಸುರಕ್ಷತೆಯ ಮಾತಾಡುವ ಹಕ್ಕಿಲ್ಲ. ಏಟಿಗೆ ನೆವವಾದದ್ದು ನನ್ನ ವಿಷಯವೇ.

ಅಪಾಯ ಹೊರಗಿನಿಂದಲೇ ಬರುತ್ತದೆಂಬ ಭ್ರಮೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಅವಳ ಹಾಸ್ಟೆಲ್ 
ಕೋಣೆಯಲ್ಲೇ ಕೊಂದರು. ಕೊಂದವನು ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ತಂದೆತಾಯಿಗಳು ಹಟ ಹಿಡಿದು ಹೋರಾಡಿದ್ದರ ಫಲವಾಗಿ 1990ರಲ್ಲಿ ಅಲ್ಲಿ ಒಂದು ಕಾನೂನು ಬಂತು: ತನ್ನ ಆವರಣದಲ್ಲಿ ಎಂಥ ಅಪರಾಧಗಳು ಎಷ್ಟು ನಡೆದವೆಂಬುದನ್ನು ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಬಹಿರಂಗವಾಗಿ ಪ್ರಕಟಿಸಬೇಕು. ಕಾಲೇಜಿನ ಗೌರವ ಮುಚ್ಚಿಡುವುದರಲ್ಲಿಲ್ಲ, ಲೆಕ್ಕ ಕೊಡುವುದರಲ್ಲಿದೆ ಎಂಬುದು ಅದರ ತಿರುಳು.

ನಮ್ಮ ದೇಶದ ಕಾನೂನಿನಲ್ಲಿ ಏನಿದೆ ಎಂದು ನೋಡಲು ಹೊರಟವನಿಗೆ ಒಂದು ಆಶ್ಚರ್ಯ ಕಾದಿತ್ತು. ಕಾನೂನಿನ ಗದ್ಯವನ್ನು ಸಾಹಿತಿಗಳು ಹಾಸ್ಯ ಮಾಡುವುದು ವಾಡಿಕೆ, ನಾನೂ ಮಾಡಿದ್ದೇನೆ. ಆದರೆ ಕರ್ತೃವಿನ ವಿಷಯದಲ್ಲಿ ಅದು ನಮ್ಮ ನೋಟೀಸಿಗಿಂತ ಬಹಳ ಮೇಲು. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಹಿಂಬಾಲಿಸುವ ಅಪರಾಧದ್ದು. ಅದು ಆರಂಭವಾಗುವುದೇ ಹಿಂಬಾಲಿಸುವ ಗಂಡಸಿನಿಂದ. ಹೆಣ್ಣು ಒಲ್ಲೆನೆಂದು ತೋರಿಸಿದ ಮೇಲೂ ಬೆನ್ನುಹತ್ತಿದರೆ, ಅವಳ ಫೋನು ಇಂಟರ್ನೆಟ್ಟುಗಳ ಮೇಲೆ ಕಣ್ಣಿಟ್ಟರೆ, ಮೊದಲ ಸಲಕ್ಕೆ 3 ವರ್ಷದವರೆಗೆ ಸೆರೆಮನೆ. ಅವಳು ಎಷ್ಟು ಹೊತ್ತಿನಲ್ಲಿ ಎಲ್ಲಿದ್ದಳು, ಏನು ಉಟ್ಟಿದ್ದಳು ಎಂಬ ಮಾತು ಆ ಕಲಮಿನಲ್ಲಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮಗಳೂ ಹಾಗೆಯೇ. ರ‍್ಯಾಗಿಂಗಿನ ವಿರುದ್ಧ 2009ರಲ್ಲಿ ಮಾಡಿದ ನಿಯಮದಲ್ಲಿ ಸಂಸ್ಥೆಯ ಮುಖ್ಯಸ್ಥನೇ ಕರ್ತೃ: ನಡೆದದ್ದು ದಂಡಾರ್ಹ ಅಪರಾಧವೆಂದು ಕಂಡರೆ, ಮಾಹಿತಿ ದೊರೆತ 24 ಗಂಟೆಯೊಳಗೆ ಅವನು ಪೊಲೀಸರಲ್ಲಿ ಪ್ರಕರಣ ದಾಖಲಿಸಬೇಕು. ಲೈಂಗಿಕ ಕಿರುಕುಳದ ಬಗ್ಗೆ 2015ರಲ್ಲಿ ಬಂದ ನಿಯಮದಲ್ಲಿ ‘ಸಂಬಂಧಪಟ್ಟವರು’ ಯಾರೆಂಬುದನ್ನು ಬಿಡಿಸಿ ಹೇಳಿದೆ. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿಯೊಬ್ಬರು ಅಧ್ಯಕ್ಷರು; ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹೆಂಗಸರು; ಹೊರಗಿನ ಸಂಸ್ಥೆಯವರೊಬ್ಬರು; ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಆಡಳಿತದ ಮೇಲಿನ ಹುದ್ದೆಗಳಲ್ಲಿರುವವರು ಸದಸ್ಯರಾಗುವಂತಿಲ್ಲ. ಘಟನೆ ನಡೆದ 3 ತಿಂಗಳೊಳಗೆ ದೂರು. ದೂರು ಬಂದ ಮೇಲೆ 90 ದಿನದೊಳಗೆ ವಿಚಾರಣೆ. ದೂರು ಎಷ್ಟು ಬಂದವು, ಏನಾದವು ಎಂದು ವರ್ಷಕ್ಕೊಮ್ಮೆ ಆಯೋಗಕ್ಕೆ ವರದಿ. ಆ ವರದಿ ನೋಟೀಸು ಬೋರ್ಡಿನ ಮೇಲೂ ಬಂದರೆ ಇನ್ನೂ ಒಳ್ಳೆಯದು.

ಅದೇ ನಿಯಮದ ಒಂದು ಮಾತನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟೆ. ದೂರನ್ನು ಬರೆದು ಕೊಡಬೇಕು. ಬರೆಯಲಾಗದವಳಿಗೆ ಬರವಣಿಗೆಯಲ್ಲಿ ಸಮಿತಿಯವರೇ ನೆರವಾಗಬೇಕು ಎಂದಿದೆ. ವಾಕ್ಯವನ್ನು ಪೂರ್ತಿ ಮಾಡಲು ಕೈಹಿಡಿದು ನಡೆಸಬೇಕು ಎಂದಲ್ಲವೆ ಇದರ ಅರ್ಥ? ಪ್ರಬಂಧ ತಿದ್ದುವುದೇ ವೃತ್ತಿಯಾಗಿರುವ ನನ್ನ ಮುಂದೆ ಅಂಥ ಅರ್ಧ ವಾಕ್ಯಗಳು ಮೂರು ಇದ್ದವು.

ಕಾನೂನಿದ್ದರೆ ಎಲ್ಲವೂ ಆಯಿತೆಂದು ನಾನು ನಂಬಿಲ್ಲ. ಕಾಗದದ ಮೇಲೆ ಸಮಿತಿಯಿದ್ದು ಕೋಣೆಯಿಲ್ಲದ ಕಾಲೇಜುಗಳಿವೆ. ಕೋಣೆಯಿದ್ದು ಬೀಗ ತೆರೆಯದ ಕಾಲೇಜುಗಳೂ ಇವೆ. ಸುಳ್ಳು ದೂರಿನ ಭಯವನ್ನು ಮುಂದಿಡುವ ಸಹೋದ್ಯೋಗಿಗಳೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಹೆಸರು ಹೇಳಿದ ಮಾತ್ರಕ್ಕೆ ತೀರ್ಪಾಗುವುದಿಲ್ಲ, ವಿಚಾರಣೆಯಾಗುತ್ತದೆ. ಹೆಸರನ್ನೇ ಹೇಳದಿದ್ದರೆ ವಿಚಾರಣೆಯೂ ಇಲ್ಲ. ಆಪಾದಿತ ನಿರಪರಾಧಿಯಾಗಿದ್ದರೆ ಅವನಿಗೂ ಗಾಳಿಮಾತಿನಿಂದ ಬಿಡುಗಡೆಯಿಲ್ಲ.

ನೋಟೀಸನ್ನು ಓದಿ ನಾಲಗೆ ತಡವರಿಸಿದ ಮರುದಿನ, ಅದನ್ನೇ ತರಗತಿಗೆ ಒಯ್ದು, “ಪ್ರತಿ ವಾಕ್ಯಕ್ಕೂ ಕರ್ತೃಪದ ಹಾಕಿ ತಿದ್ದಿ ಬರೆಯಿರಿ” ಎಂದು ಕೊಟ್ಟೆ. ಮೊದಲು ನಕ್ಕರು. ಆಮೇಲೆ ತರಗತಿ ನಿಶ್ಶಬ್ದವಾಯಿತು. “ಸಾರ್, ಆರು ಗಂಟೆ ಮೇಲೆ ದಾರಿ ದೀಪ ಹಾಕಿಸೋರು ಯಾರು, ಪಂಚಾಯ್ತಿನೋ ಹೈವೇನವರೋ?” ಎಂದು ಒಬ್ಬಳು ಕೇಳಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದ ವಾಕ್ಯ: “ನಾವು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಗುಂಪು ಕಟ್ಟಿ ನಿಂತು ಹುಡುಗಿಯರನ್ನು ನೋಡಿ ಕೂಗಬಾರದು.” ವ್ಯಾಕರಣದಲ್ಲಿಯೂ ಧೈರ್ಯದಲ್ಲಿಯೂ ಆ ತರಗತಿಯಲ್ಲಿ ಅದಕ್ಕಿಂತ ಒಳ್ಳೆಯ ವಾಕ್ಯ ಬರಲಿಲ್ಲ. ಈಗಲೂ ನಾನು ‘ಕರ್ತೃ ಎಲ್ಲಿ?’ ಎಂದು ಕೇಳುತ್ತೇನೆ. ತರಗತಿ ಮುಗಿದ ಮೇಲೆ, ಅಧ್ಯಾಪಕಿಯೊಬ್ಬರನ್ನು ಜೊತೆಗಿಟ್ಟುಕೊಂಡು, ಮೆಲ್ಲಗೆ ಕೇಳುತ್ತೇನೆ.

ವಿಮರ್ಶೆಯ ಕೊನೆಗೆ ಎರಡನೆಯ ಮುದ್ರಣಕ್ಕೆ ಸಲಹೆ ಕೊಡುವುದು ವಾಡಿಕೆ. ‘ಸಂಭವಿಸಿದಲ್ಲಿ’ ಎಂಬ ಪದವನ್ನು ಕೈಬಿಡಬೇಕು. ಯಾರಾದರೂ ಹಿಂಬಾಲಿಸಿದರೆ, ಹೆದರಿಸಿದರೆ, ಹೊಡೆದರೆ, ಜಾತಿ ಹಿಡಿದು ಬೈದರೆ ಎಂದು ನೇರವಾಗಿ ಬರೆಯಬೇಕು. ‘ಸಂಬಂಧಪಟ್ಟವರು’ ಎಂಬ ಜಾಗದಲ್ಲಿ ಸಮಿತಿಯವರ ಹೆಸರು, ಅವರ ಕೋಣೆ, ಅವರು ಸಿಕ್ಕುವ ಹೊತ್ತು ಇರಬೇಕು. ಜೀವಭಯವಿದ್ದರೆ 112, ಫೋನಿನ ಮೂಲಕ ಹಣ ದೋಚಿದರೆ 1930, ರ‍್ಯಾಗಿಂಗಿಗೆ 1800-180-5522 ಎಂಬ ಸಂಖ್ಯೆಗಳಿರಬೇಕು. ಘಟನೆ ಯಾವ ಠಾಣೆಯ ಗಡಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಬರೆದುಕೊಳ್ಳಲೇಬೇಕೆಂಬ ನಿಯಮ 2024ರ ಜುಲೈಯಿಂದ ಕಾನೂನಿನಲ್ಲಿಯೇ ಸೇರಿದೆ. ನೆಲಮಂಗಲಕ್ಕೂ ತುಮಕೂರಿಗೂ ನಡುವೆ ಬಸ್ಸಿನಲ್ಲಿ ಓಡಾಡುವ ನಮ್ಮ ಮಕ್ಕಳಿಗೆ ಅದು ತಿಳಿದಿರಬೇಕು. ವೇಳಾಪಟ್ಟಿಯನ್ನು ಬಸ್ಸಿನ ಹೊತ್ತಿಗೆ ಹೊಂದಿಸುತ್ತೇವೆಂಬ ಒಂದು ವಾಕ್ಯ ಕಾಲೇಜೇ ಕರ್ತೃವಾಗಿ ಬರೆದರೆ, ಮೊದಲನೆಯ ವಾಕ್ಯಕ್ಕೆ ಸ್ವಲ್ಪ ಅರ್ಥ ಬಂದೀತು. ಓಟಿಪಿಯ ವಾಕ್ಯ ಇದ್ದ ಹಾಗೆಯೇ ಇರಲಿ.

ಕೊನೆಯದಾಗಿ, ಮೊಹರಿನ ಮೇಲಿನ ಸಹಿ ಓದಲು ಬರುವಂತಿರಬೇಕು. ಅಂಥ ಹಾಳೆಯೊಂದು ಸಿದ್ಧವಾಗಿ, ಅದನ್ನು ಸಭಾಂಗಣದಲ್ಲಿ ಓದುವ ಕೆಲಸ ಮತ್ತೆ ನನ್ನ ಪಾಲಿಗೇ ಬಂದರೆ, ಈ ಸಲ ನಾಲಗೆ ತಡವರಿಸದೆ ಓದುತ್ತೇನೆ.